ವಿಮಾನದ ಎಣ್ಣೆ, ಕಾರಿನ ಕುಣಿತ

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ ಹುಣಸಮಾರನಹಳ್ಳಿಗೆ ಬಂದವರಿಗೆ ವಿಮಾನದ ಸದ್ದು ಹೊಸತಲ್ಲ. ಹಿಂದೆ 1996ರಿಂದ ವೈಮಾನಿಕ ಪ್ರದರ್ಶನ ನಡೆಯುತ್ತಿರುವ ವಾಯುಪಡೆಯ ನೆಲೆ. ಮುಂದೆ 2008ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಹತ್ತಾರು ಟನ್ ತೂಕದ ವಿಮಾನ ನೆಲಕ್ಕೆ ಬಡಿದಾಗ ಅದರ ಚಕ್ರದ ಕಾಲು ಏಕೆ ಮುರಿಯುವುದಿಲ್ಲ? ಆ ಕಾಲಿನೊಳಗೆ ಎಣ್ಣೆ ಮತ್ತು ಅನಿಲ ಇರುತ್ತವೆ. ಪೆಟ್ಟು ಬಿದ್ದೊಡನೆ ಎಣ್ಣೆ ಕಿರಿದಾದ ರಂಧ್ರದಲ್ಲಿ ನುಗ್ಗಬೇಕಾಗುತ್ತದೆ. ಹರಿವಿಗೆ ಒದಗುವ ಈ ಅಡ್ಡಿಯೇ ಪೆಟ್ಟಿನ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ.

ಇದೇ ಅಡ್ಡಿಯನ್ನು ಶತ್ರುವೆಂದು ಬಗೆದು ಹೋರಾಡಿದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಮೂಲದ ಯುವಕರು ತಮ್ಮ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಮೆರೆಯುತ್ತಿದ್ದರು. ಇವೇ ‘ಲೋರೈಡರ್’ ಕಾರುಗಳು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗಿರಬಾರದೆಂಬ ಕಾನೂನು 1950ರ ದಶಕದ ಕೊನೆಯಲ್ಲಿ ಬಂತು. 1959ರಲ್ಲಿ ರಾನ್ ಅಗಿರೆ ಎಂಬಾತ ಇದಕ್ಕೆ ಉಪಾಯ ಹೂಡಿದ. ಯುದ್ಧ ವಿಮಾನಗಳಿಂದ ಕಳಚಿ ಮಾರಿದ ಪೆಸ್ಕೊ ಪಂಪುಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಪೊಲೀಸರು ಕಂಡರೆ ಸ್ವಿಚ್ ಒತ್ತಿದರಾಯಿತು, ಕಾರು ಮೇಲೇಳುತ್ತಿತ್ತು.

ಕುತೂಹಲದ ಸಂಗತಿಯೆಂದರೆ, ಯುದ್ಧ ಬಿಟ್ಟುಹೋದ ಇಂಥ ಸರಕು ಬೆಂಗಳೂರಿಗೂ ಒದಗಿತ್ತು. 1940ರಲ್ಲಿ ಆರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1943ರಿಂದ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿ ನಡೆಯಿತು. ಯುದ್ಧಾನಂತರ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟಿದ್ದ ಲಿಬರೇಟರ್ ಬಾಂಬರುಗಳ ಪೈಕಿ ನಲವತ್ತಕ್ಕೂ ಹೆಚ್ಚನ್ನು ಇಲ್ಲಿನ ಕೆಲಸಗಾರರು ಮತ್ತೆ ಹಾರುವಂತೆ ಮಾಡಿದರು. ಹೈಡ್ರಾಲಿಕ್ ಕಾಲುಗಳ ಮೇಲೆ ನಿಲ್ಲುವ ಆ ವಿಮಾನಗಳು 1968ರವರೆಗೆ ವಾಯುಪಡೆಯಲ್ಲಿದ್ದವು. ಅಲ್ಲಿ ಬಾಂಬರಿನ ಪಂಪು ಕಾರಿಗೆ ಹೋಯಿತು. ಇಲ್ಲಿ ಬಾಂಬರೇ ಮರುಜೀವ ಪಡೆಯಿತು.

ಕಾರು ನಿಧಾನವಾಗಿ ಏರಿದರೆ ಪೊಲೀಸರಿಗೆ ಸಾಕಿತ್ತು. ಆದರೆ ಕಾರು ಕುಣಿಸುವ ಸ್ಪರ್ಧೆ ಶುರುವಾದ ಮೇಲೆ ಎಣ್ಣೆ ಕ್ಷಣಾರ್ಧದಲ್ಲಿ ಸಿಲಿಂಡರಿಗೆ ನುಗ್ಗಬೇಕಾಯಿತು. ಡಿಕ್ಕಿಯಲ್ಲಿ ಬ್ಯಾಟರಿಗಳ ಸಾಲೇ ಬೆಳೆಯಿತು. ಆದರೆ ಪಂಪಿಗೆ ಎಷ್ಟು ಬಲ ಕೊಟ್ಟರೂ ದಾರಿ ಕಿರಿದಾಗಿದ್ದರೆ ಏನು ಪ್ರಯೋಜನ? ಮಡಚಿದ ರಬ್ಬರ್ ಪೈಪಿನಲ್ಲಿ ಗಿಡಕ್ಕೆ ನೀರು ಬಿಟ್ಟವರಿಗೆ ಇದು ಗೊತ್ತು. ಶಾಂತವಾಗಿ ಹರಿಯುವ ದ್ರವದ ವಿಷಯದಲ್ಲಿ ಕೊಳವೆಯ ಅಗಲ ಅರ್ಧವಾದರೆ ಅದೇ ಒತ್ತಡಕ್ಕೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವೇಗ ಹೆಚ್ಚಿದಂತೆ ಪ್ರತಿ ತಿರುವು, ಪ್ರತಿ ಕವಾಟ ಒತ್ತಡವನ್ನು ತಿನ್ನುತ್ತದೆ. ಆದ್ದರಿಂದ ಗ್ಯಾರೇಜಿನವರು ಅಗಲವಾದ ಪೈಪು, ದೊಡ್ಡ ಕವಾಟ ಹಾಕಿದರು. ಮೂಲೆ ತಿರುವುಗಳ ಬದಲು ನಯವಾದ ಬಾಗುಗಳನ್ನಿಟ್ಟರು. ಪೈಪಿನ ಉದ್ದ ಕಡಿಮೆ ಮಾಡಿದರು.

ಅಡ್ಡಿ ಕಳೆದ ಮೇಲೆ ಬೇರೆ ತೊಂದರೆ ಎದುರಾಯಿತು. ಇಳಿಸುವ ಕವಾಟ ತೆರೆದೊಡನೆ ಕಾರು ತನ್ನ ಭಾರಕ್ಕೆ ದೊಪ್ಪನೆ ಕುಸಿಯುತ್ತಿತ್ತು. ಎಣ್ಣೆ ಅದುಮಿದರೂ ಕುಗ್ಗದ್ದರಿಂದ ಸವಾರಿಯೂ ಕಲ್ಲಿನಂತೆ ಗಡುಸು. ಇದಕ್ಕೆ ಪರಿಹಾರ ಫ್ರಾನ್ಸಿನಲ್ಲಿ ಮೊದಲೇ ಸಿಕ್ಕಿತ್ತು. 1955ರ ಸಿಟ್ರೊಯೆನ್ ಡಿಎಸ್ ಕಾರಿಗೆ ಪಾಲ್ ಮಾಜೆಸ್ ರೂಪಿಸಿದ ವ್ಯವಸ್ಥೆಯಲ್ಲಿ ನೈಟ್ರೊಜನ್ ತುಂಬಿದ ಗೋಳಗಳು ಸ್ಪ್ರಿಂಗಿನ ಕೆಲಸ ಮಾಡಿದರೆ, ಕುಲುಕಾಟವನ್ನು ಎಣ್ಣೆ ಹಾಯುವ ಸಣ್ಣ ರಂಧ್ರಗಳು ತಡೆಯುತ್ತಿದ್ದವು. ಲೋರೈಡರ್‌ಗಳಿಗೂ ಅನಿಲದ ಗೋಳಗಳು ಬಂದವು. ಕಾರು ಮೆಲ್ಲಗೆ ಇಳಿಯಲೆಂದು ಹರಿವನ್ನು ತಗ್ಗಿಸುವ ಕವಾಟವನ್ನು ಬೇಕೆಂದೇ ಕೂರಿಸಲಾಯಿತು. ಏರಲು ಬೇಡವಾದ ಅಡ್ಡಿ ಇಳಿಯಲು ಬೇಕಾಯಿತು.

ಕ್ಯಾಲಿಫೋರ್ನಿಯಾ ತನ್ನ ಹಳೆಯ ನಿರ್ಬಂಧವನ್ನು 2024ರ ಜನವರಿ 1ರಿಂದ ಕೈಬಿಟ್ಟಿದೆ. ಅಪರಾಧವೆನಿಸಿದ್ದು ಒಂದು ಸಮುದಾಯದ ಪರಂಪರೆಯೆಂದು ಮನ್ನಣೆ ಪಡೆದಿದೆ. ನಮ್ಮಲ್ಲಿ ತಯಾರಕರ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ. ಬಳ್ಳಾರಿ ರಸ್ತೆಯಲ್ಲಿ ಕಾರು ಕುಣಿಸುವಂತಿಲ್ಲ. ಆದರೆ ಅದರ ಮೇಲೆ ಇಳಿಯುವ ಒಂದೊಂದು ವಿಮಾನದ ಕಾಲಿನಲ್ಲೂ ಎಣ್ಣೆ ಆ ಕಿರಿದಾದ ರಂಧ್ರದಲ್ಲೇ ಹಾದು ಪ್ರಯಾಣಿಕರನ್ನು ಕಾಯುತ್ತಿದೆ.