ಗೋದಾವರಿ ಸೀಮೆಯ ಕ್ಷೌರಕತ್ತಿ ಮತ್ತು ಅದರ ಮಸೆಗಲ್ಲು

ಬೌದ್ಧ ಸಂಘದ ನಿಯಮಗ್ರಂಥವಾದ ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಷುಗಳು ಇಟ್ಟುಕೊಳ್ಳಬಹುದಾದ ಕ್ಷೌರ ಸಾಮಗ್ರಿಗಳ ಉಲ್ಲೇಖವಿದೆ: ಕತ್ತಿ, ಅದನ್ನು ಮಸೆಯುವ ಕಲ್ಲು, ಒರೆ, ಉಣ್ಣೆಯನ್ನು ಒತ್ತಿ ಮಾಡಿದ ಬಟ್ಟೆಯ ತುಂಡು. ಕೂದಲು ಎರಡು ಬೆರಳಿನಷ್ಟು ಬೆಳೆಯುವುದರೊಳಗೆ, ಅಥವಾ ಎರಡು ತಿಂಗಳೊಳಗೆ ತಲೆ ಬೋಳಿಸಿಕೊಳ್ಳಬೇಕೆಂಬುದು ಸಂಘದ ನಿಯಮ. ಭಿಕ್ಷುವಿನ ಅಷ್ಟಪರಿಷ್ಕಾರಗಳಲ್ಲಿ, ಅಂದರೆ ಅವನಿಗೆ ಸಲ್ಲುವ ಎಂಟು ವಸ್ತುಗಳಲ್ಲಿ, ಕತ್ತಿಯೂ ಒಂದು. ಕತ್ತಿ ಮೊಂಡಾಗುತ್ತದೆ, ಅದನ್ನು ಆಗಾಗ ಹರಿತ ಮಾಡಿಕೊಳ್ಳಬೇಕು ಎಂಬ ತಿಳಿವಳಿಕೆ ಈ ನಿಯಮದಲ್ಲೇ ಅಡಗಿದೆ.

ಈ ನಿಯಮ ಪಾಲಿಸಿದವರ ನೆಲೆಗಳು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಸುತ್ತ ದಟ್ಟವಾಗಿವೆ. ನಾಸಿಕ್ ಹೊರವಲಯದ ತ್ರಿರಶ್ಮಿ ಬೆಟ್ಟದಲ್ಲಿ 24 ಗುಹೆಗಳಿವೆ. ಅಲ್ಲಿನ 10ನೇ ಗುಹೆಯ ಶಾಸನದ ಪ್ರಕಾರ, ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ 3000 ಕಾರ್ಷಾಪಣ ಠೇವಣಿ ಇಟ್ಟು, ಅದರ ಬಡ್ಡಿಯಿಂದ ಭಿಕ್ಷುಗಳ ಚೀವರ ಮತ್ತಿತರ ಖರ್ಚು ಸಾಗುವಂತೆ ಮಾಡಿದ. ಸಂಭಾಜಿನಗರ ಜಿಲ್ಲೆಯ ಎಲ್ಲೋರದ 34 ಗುಹೆಗಳಲ್ಲಿ ಮೊದಲ 12 ಬೌದ್ಧರವು, ಕೊನೆಯ ಐದು ಜೈನರವು. ಮಾನ್ಯಖೇಟದ ರಾಷ್ಟ್ರಕೂಟರ ಕಾಲದಲ್ಲಿ ಬೆಳೆದ ಈ ಬೆಟ್ಟದಲ್ಲಿ ಸನ್ಯಾಸದ ಎರಡು ರೀತಿಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಬೌದ್ಧ ಭಿಕ್ಷು ಕತ್ತಿಯಿಂದ ತಲೆ ಬೋಳಿಸಿಕೊಂಡರೆ, ಜೈನ ಮುನಿ ಕೇಶಲೋಚ ಮಾಡಿ ಕೂದಲನ್ನು ಕೈಯಿಂದಲೇ ಕೀಳುತ್ತಿದ್ದ. ಮೊದಲನೆಯವನಿಗೆ ಮಸೆಗಲ್ಲು ಬೇಕಿತ್ತು, ಎರಡನೆಯವನಿಗೆ ಕತ್ತಿಯೇ ಬೇಕಿರಲಿಲ್ಲ.

ಗುಹೆಗಳು ಬರಿದಾದ ಮೇಲೂ ಗೋದಾವರಿ ದಡದಲ್ಲಿ ಕತ್ತಿಗೆ ಕೆಲಸ ತಪ್ಪಲಿಲ್ಲ. ತೀರ್ಥಕ್ಷೇತ್ರಕ್ಕೆ ಬಂದವರಿಗೆ ಧರ್ಮಶಾಸ್ತ್ರಗಳು ಮುಂಡನ, ಉಪವಾಸಗಳನ್ನು ವಿಧಿಸಿದ್ದವು. ನಾಸಿಕ್‌ ಮತ್ತು ತ್ರ್ಯಂಬಕೇಶ್ವರಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬರುವ ಸಿಂಹಸ್ಥ ಕುಂಭಮೇಳದಲ್ಲಿ ಅಖಾಡಗಳಿಗೆ ಹೊಸದಾಗಿ ದೀಕ್ಷೆ ಪಡೆಯುವವರೂ ತಲೆ ಬೋಳಿಸಿಕೊಳ್ಳುತ್ತಾರೆ. ಒಂದೇ ದಿನ ನೂರಾರು ತಲೆಗಳು ಸಾಲುಗಟ್ಟುವ ಕಡೆ ಕ್ಷೌರಿಕನ ಕೈಚಳಕದಷ್ಟೇ ಕತ್ತಿಯ ಹರಿತವೂ ಮುಖ್ಯವಾಗುತ್ತಿತ್ತು.

ಹಳ್ಳಿಯಲ್ಲಿ ಈ ಕಸುಬು ಬಲುತೆ ಪದ್ಧತಿಗೆ ಸೇರಿತ್ತು. ಹನ್ನೆರಡು ಬಲುತೇದಾರರಲ್ಲಿ ಒಬ್ಬನಾದ ನ್ಹಾವಿ ವರ್ಷವಿಡೀ ಕ್ಷೌರ ಮಾಡಿ, ಸುಗ್ಗಿಯಲ್ಲಿ ರೈತರಿಂದ ಧಾನ್ಯದ ಪಾಲು ಪಡೆಯುತ್ತಿದ್ದ. ಕರ್ನಾಟಕದ ಆಯಗಾರ ಪದ್ಧತಿಯಲ್ಲೂ ಕ್ಷೌರಿಕನಿಗೆ ಇಂಥದೇ ಆಯ ಸಲ್ಲುತ್ತಿತ್ತು. ಅವನ ಕತ್ತಿ ಊರಿನ ಇತರ ಕಸುಬುದಾರರ ಕೈಯನ್ನೂ ಹಾದು ಬರುತ್ತಿತ್ತು: ಅಲಗು ಬಡಿಯುವವನು ಕಮ್ಮಾರ, ಅದನ್ನು ಉಜ್ಜುವ ಚರ್ಮದ ಪಟ್ಟಿ ಮಾಡುವವನು ಚಮ್ಮಾರ. ಆದರೆ ಕಲ್ಲಿನ ಮೇಲಿನ ಕೊನೆಯ ಮಸೆತ ಕ್ಷೌರಿಕನದೇ. ಕತ್ತಿ, ಕತ್ತರಿ, ಬಟ್ಟಲುಗಳ ಜೊತೆ ಕಲ್ಲು ಅವನ ಹಡಪದಲ್ಲೇ ಇರುತ್ತಿತ್ತು.

ಎಲ್ಲ ಕಲ್ಲೂ ಈ ಕೆಲಸಕ್ಕೆ ಬರುವುದಿಲ್ಲ. ನಾಸಿಕ್‌ ಮತ್ತು ಸಂಭಾಜಿನಗರಗಳ ನೆಲ ದಖನ್ನಿನ ಕಪ್ಪು ಬಸಾಲ್ಟಿನದು. ಬೀಸುಕಲ್ಲಿಗೆ, ಕಟ್ಟಡಕ್ಕೆ ಅದು ಒಗ್ಗುತ್ತದೆ. ಆದರೆ ಅದರಲ್ಲಿ ಬೇರೆಬೇರೆ ಗಡಸಿನ ಖನಿಜಗಳು ಬೆರೆತಿರುತ್ತವೆ, ಅಲ್ಲಲ್ಲಿ ಗಾಳಿಗುಳ್ಳೆಗಳ ಕುಳಿಗಳೂ ಇರುತ್ತವೆ. ಕ್ಷೌರಕತ್ತಿಗೆ ಬೇಕಾದದ್ದು ಒಂದೇ ಸಮನಾದ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಕಲ್ಲು. ಸ್ಲೇಟಿನ ಜಾತಿಯ ಕಲ್ಲುಗಳು ಇದಕ್ಕೆ ಹೆಸರಾದವು. ಬೆಲ್ಜಿಯಂನ ಹಳದಿ ಕಲ್ಲಿನಲ್ಲಿ ಅಭ್ರಕದ ನಡುವೆ ಹುದುಗಿದ ಅತಿಸಣ್ಣ ಗಾರ್ನೆಟ್ ಹರಳುಗಳು ಉಕ್ಕನ್ನು ಸವೆಸುತ್ತವೆ. ತೀರ ಮೊಂಡಾದ ಅಲಗಿಗೆ ಮೊದಲು ಒರಟು ಸಾಣೆ ಬೇಕಾಗುತ್ತಿತ್ತು. ಭಾರತದಲ್ಲಿ ಅದಕ್ಕೆ ಅರಗಿನಲ್ಲಿ ಕುರುಂದದ ಪುಡಿ ಕಲಸಿ ಮಾಡಿದ ಸಾಣೆಚಕ್ರ ಬಳಕೆಯಲ್ಲಿತ್ತು. ಅದನ್ನು ತಿರುಗಿಸುವ ಶಿಕಲಗಾರರ ಮುಖ್ಯ ಕಸುಬು ಆಯುಧಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದು.

ಕೊನೆಯ ಕಲ್ಲಿನ ಕೆಲಸದಲ್ಲಿ ಬಲಕ್ಕಿಂತ ಹದ ಮುಖ್ಯ. ಮೊದಲು ಕಲ್ಲನ್ನು ನೀರಿನಿಂದ ತೋಯಿಸಬೇಕು. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಏಕಕಾಲಕ್ಕೆ ಕಲ್ಲಿಗೆ ತಾಗುವಂತೆ ಅಲಗನ್ನು ಮಲಗಿಸಬೇಕು. ಬೆನ್ನಿನ ದಪ್ಪವೇ ಮಸೆಯುವ ಕೋನವನ್ನು ನಿಗದಿ ಮಾಡುವುದರಿಂದ ಕೈಯಳತೆ ಬೇಕಿಲ್ಲ. ಬಾಯಿ ಮುಂದಾಗಿ, ಕತ್ತಿಯ ಭಾರಕ್ಕಿಂತ ಹೆಚ್ಚು ಒತ್ತದೆ, ಹಿಡಿಯ ಕಡೆಯಿಂದ ತುದಿಯವರೆಗೆ ಅಲಗಿನ ಉದ್ದವೆಲ್ಲ ಕಲ್ಲಿಗೆ ಸಿಗುವಂತೆ ಓರೆಯಾಗಿ ತಳ್ಳಬೇಕು. ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಮಗುಚಿ, ಮತ್ತೊಂದು ಮಗ್ಗುಲಲ್ಲಿ ವಾಪಸು ತರಬೇಕು. ಬಾಯಿಯ ಕಡೆಯಿಂದ ಮಗುಚಿದರೆ ಹರಿತವೆಲ್ಲ ಹೋಗುತ್ತದೆ. ಒತ್ತಿ ಮಸೆದರೆ ಅಂಚಿನಲ್ಲಿ ಉಕ್ಕಿನ ತೆಳು ಎಳೆಯೊಂದು ಮಡಚಿಕೊಂಡು ನಿಲ್ಲುತ್ತದೆ, ಅದು ಚರ್ಮವನ್ನು ಕೆರೆಯುತ್ತದೆ. ನೆನೆದ ಹೆಬ್ಬೆರಳ ಉಗುರಿನ ಮೇಲೆ ಬಾಯಿಯನ್ನು ಮೆಲ್ಲಗೆ ಎಳೆದಾಗ ಎಲ್ಲಿಯೂ ತಡೆಯದೆ ಒಂದೇ ಸಮ ಹಿಡಿದುಕೊಂಡು ಬಂದರೆ ಕೆಲಸ ಆದಂತೆ. ಬಳಿಕ ಚರ್ಮದ ಪಟ್ಟಿಗೋ ಅಂಗೈಗೋ ಉಜ್ಜುವಾಗ ಮಾತ್ರ ದಿಕ್ಕು ತಿರುವುಮುರುವು: ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿಯಲ್ಲಿ ಹಲ್ಲುಬಿದ್ದಿದ್ದರೆ ಈ ನುಣುಪು ಕಲ್ಲು ಸಾಲದು, ಒರಟು ಕಲ್ಲಿನಿಂದಲೇ ಮೊದಲು ಮಾಡಬೇಕು.

ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿನ ಕೂದಲು ಕತ್ತಿಯನ್ನು ಮೊಂಡು ಮಾಡುವುದು ಹೇಗೆಂಬುದನ್ನು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಅಂಚು ಸವೆಯುವುದಷ್ಟೇ ಅಲ್ಲ, ಸಿಡಿಯುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಜಾಗದಲ್ಲಿ ಸೂಕ್ಷ್ಮ ಚೂರುಗಳು ಹಾರುತ್ತವೆ. ಕಲ್ಲು ಈ ಕಚ್ಚುಗಳ ಆಳದವರೆಗೆ ಉಕ್ಕನ್ನು ತೆಗೆದು ಹೊಸ ಅಂಚು ಕೊಡುತ್ತದೆ.

ಉಕ್ಕಿನ ವಿಷಯದಲ್ಲಿ ದಖನ್ ಹಿಂದುಳಿದಿರಲಿಲ್ಲ. 1610ರಲ್ಲಿ ಮಲಿಕ್ ಅಂಬರ್ ಖಡ್ಕಿ ಎಂದು ಕಟ್ಟಿಸಿ, ಮುಂದೆ ಔರಂಗಾಬಾದ್ ಆಗಿ, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಿಸಿಕೊಂಡ ನಗರವು ನಿಜಾಮರ ಆಳ್ವಿಕೆಯಲ್ಲಿ ಬೀದರ್, ಕಲಬುರಗಿ, ರಾಯಚೂರುಗಳೊಂದಿಗೆ ಒಂದೇ ರಾಜ್ಯದಲ್ಲಿತ್ತು. ಮೂಸೆಯಲ್ಲಿ ಕರಗಿಸಿದ ಉಕ್ಕಿಗೆ ಹೆಸರಾದ ಕೋನಸಮುದ್ರಂ ಕೂಡ ಅದೇ ರಾಜ್ಯದ್ದು. ಈ ಬಗೆಯ ಭಾರತೀಯ ಉಕ್ಕಿನ ಗುಟ್ಟು ಹುಡುಕುತ್ತ ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆಗೂಡಿ ಮೈಕೆಲ್ ಫ್ಯಾರಡೆ 1820ರ ಆಸುಪಾಸಿನಲ್ಲಿ ಮಿಶ್ರಲೋಹಗಳ ಪ್ರಯೋಗ ನಡೆಸಿದ. ಹೊಸ ಉಕ್ಕಿನಿಂದ ಮಾಡಿದ ಕ್ಷೌರಕತ್ತಿಗಳನ್ನು ಗೆಳೆಯರಿಗೆ ಹಂಚಿದ. ಆದರೆ ಪೇಟೆಯನ್ನು ಹಿಡಿದದ್ದು ಶೆಫೀಲ್ಡ್ ಮತ್ತು ಜರ್ಮನಿಯ ಝೋಲಿಂಗೆನ್‌ನ ಕಾರ್ಖಾನೆಗಳು. ಅವುಗಳ ಅಲಗಿನ ಮಗ್ಗುಲುಗಳನ್ನು ಒಳಕ್ಕೆ ಕೊರೆದು ತೆಳುಗೊಳಿಸಿದ್ದರಿಂದ ಮಸೆಯುವಾಗ ತೆಗೆಯಬೇಕಾದ ಉಕ್ಕು ತೀರ ಕಡಿಮೆಯಾಯಿತು.

ಕತ್ತಿ ಯಾರ ತಲೆಯ ಮೇಲೆ ಆಡಬೇಕೆಂಬ ಪ್ರಶ್ನೆಯೂ ಇದೇ ಕಾಲದಲ್ಲಿ ಎದ್ದಿತು. 1890ರಲ್ಲಿ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ ಅವರ ಪ್ರೇರಣೆಯಿಂದ ಮುಂಬೈಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು.

ಕಲ್ಲಿನ ಬದಲಾವಣೆ ಅದರ ಮರುವರ್ಷವೇ ಶುರುವಾಯಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ತಯಾರಿಸಿದ. ಕಣಗಳ ಗಾತ್ರವನ್ನು ಬೇಕಾದಂತೆ ಆರಿಸಿಕೊಳ್ಳಬಹುದಾದ ಕೃತಕ ಕಲ್ಲು ಕ್ಷೌರಿಕರ ಕೈಸೇರಿತು. ಭಾರತದಲ್ಲೇ ಸಾಣೆ ಸಾಮಗ್ರಿ ತಯಾರಿಸುವ ಗ್ರೈಂಡ್‌ವೆಲ್ 1941ರಲ್ಲಿ ಮುಂಬೈ ಬಳಿ, ಕಾರ್ಬೊರಂಡಮ್ ಯೂನಿವರ್ಸಲ್ 1954ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವು. ಕಲ್ಲು ಸುಧಾರಿಸಿತು, ಆದರೆ ಅದರ ಅಗತ್ಯವೇ ಕುಗ್ಗತೊಡಗಿತ್ತು. ಜಿಲೆಟ್ ಕಂಪನಿ 1903ರಲ್ಲಿ ಮಾರಾಟಕ್ಕೆ ತಂದ ಬ್ಲೇಡು ಮೊಂಡಾದರೆ ಮಸೆಯುವಂತಿರಲಿಲ್ಲ, ಎಸೆಯುವಂತಿತ್ತು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ, ಒಬ್ಬರಿಗೆ ಬಳಸಿದ ಅಲಗನ್ನು ಇನ್ನೊಬ್ಬರಿಗೆ ಬಳಸಬಾರದೆಂಬ ಎಚ್ಚರ ಊರೂರಿಗೂ ಹಬ್ಬಿತು. ಕಲ್ಲು ಹರಿತವನ್ನು ಮರಳಿಸಬಲ್ಲದು, ಸೋಂಕನ್ನು ತೊಳೆಯಲಾರದು. ಹಳೆಯ ಕತ್ತಿಯ ಆಕಾರದ ಹಿಡಿಗೆ ಅರ್ಧ ಬ್ಲೇಡು ಸಿಕ್ಕಿಸಿ ಗಿರಾಕಿಗೊಂದರಂತೆ ಬದಲಿಸುವ ರೂಢಿ ಕ್ಷೌರದಂಗಡಿಗಳಲ್ಲಿ ನೆಲೆಯೂರಿತು.

ಅಲಗು ದುಬಾರಿಯಾಗಿದ್ದಷ್ಟು ಕಾಲ ಮಸೆಯುವುದು ಕ್ಷೌರಿಕನ ಅರ್ಧ ವಿದ್ಯೆಯಾಗಿತ್ತು. ಅಲಗು ಅಗ್ಗವಾದಾಗ ಆ ವಿದ್ಯೆ ಬ್ಲೇಡಿನ ಕಾರ್ಖಾನೆಗೆ ಸರಿಯಿತು. ಗೋದಾವರಿ ದಡದಲ್ಲಿ ಮುಂಡನ ಇಂದಿಗೂ ನಡೆಯುತ್ತಿದೆ, ಆದರೆ ಅದಕ್ಕೆ ಕಲ್ಲು ಬೇಕಾಗಿಲ್ಲ. ನುಣುಪು ಮಸೆಗಲ್ಲು ಈಗ ಉಳಿದಿರುವುದು ಮುಖ್ಯವಾಗಿ ಹಳೆಯ ಕತ್ತಿಯಿಂದ ಸ್ವಂತ ಗಡ್ಡ ಹೆರೆದುಕೊಳ್ಳುವ ಹವ್ಯಾಸಿಗಳ ಬಳಿ.