ಶುಶ್ರೂಷೆ: ಕಿವಿಯಿಂದ ಕೈಗಿಳಿದ ಮಾತು

ಶುಶ್ರೂಷೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೈ: ನಾಡಿ ಹಿಡಿದ ಕೈ, ಸಲಾಯಿನ್ ಏರಿಸುವ ಕೈ, ಗಾಯಕ್ಕೆ ಪಟ್ಟಿ ಸುತ್ತುವ ಕೈ. ಶಬ್ದ ಹುಟ್ಟಿದ್ದು ಮಾತ್ರ ಕಿವಿಯಲ್ಲಿ. ‘ಶ್ರು’ ಎಂದರೆ ಕೇಳು. ಅದಕ್ಕೆ ಇಚ್ಛಾರ್ಥದ ‘ಸನ್’ ಪ್ರತ್ಯಯ ಹತ್ತಿ, ಧಾತು ಇಮ್ಮಡಿಸಿ, ಕೇಳಬೇಕೆಂಬ ಹಂಬಲ ಎಂಬರ್ಥದಲ್ಲಿ ‘ಶುಶ್ರೂಷಾ’ ಆಯಿತು. ಜಿಜ್ಞಾಸೆ, ಪಿಪಾಸೆ, ಬುಭುಕ್ಷೆ, ಮೀಮಾಂಸೆಗಳೆಲ್ಲ ಇದೇ ಸನ್ನಂತದ ಬಳಗ. ಚಿಕಿತ್ಸೆಯೂ ಈ ಬಳಗದ್ದೇ. ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳನ್ನು ಪಾಣಿನಿ ಒಂದೇ ಸೂತ್ರದಲ್ಲಿ ಸೇರಿಸಿದ್ದಾನೆ. ಅವುಗಳಿಂದ ಬಂದವು ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ. ಹೇಸಿಕೆ, ಸೈರಣೆ, ಮದ್ದು: ವಾರ್ಡಿನ ಒಂದಿಡೀ ದಿನ ಆ ಪುಟ್ಟ ಸೂತ್ರದಲ್ಲಿ ಅಡಗಿದೆ ಎಂದು ಅದನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಕೇಳುವ ಹಂಬಲ ಸೇವೆಯಾದದ್ದು ಹೇಗೆ? ಗುರುವಿನ ಮಾತು ಕೇಳಬೇಕೆನ್ನುವವನು ಗುರುವಿನ ಬಳಿಯಲ್ಲೇ ಇರಬೇಕು. ಬಳಿಯಲ್ಲಿದ್ದವನು ನೀರು ತರುತ್ತಾನೆ, ಸಮಿತ್ತು ಆಯುತ್ತಾನೆ, ಹೇಳಿದ್ದನ್ನು ಮಾಡುತ್ತಾನೆ. ನಮ್ಮಲ್ಲೂ ‘ಮಾತು ಕೇಳುವ ಹುಡುಗ’ ಎಂದರೆ ಹೇಳಿದಂತೆ ನಡೆಯುವವನು ತಾನೆ. ಹೀಗೆ ಆಲಿಸುವುದರಿಂದ ವಿಧೇಯತೆ, ವಿಧೇಯತೆಯಿಂದ ಊಳಿಗ. ಈ ಇಳಿಜಾರಿನಲ್ಲಿ ಕಹಿಯೂ ಇದೆ: ಮನುಸ್ಮೃತಿ ತನ್ನ ಮೊದಲ ಅಧ್ಯಾಯದಲ್ಲೇ ಶೂದ್ರನಿಗೆ ವಿಧಿಸಿದ ಒಂದೇ ಒಂದು ಕರ್ಮವೆಂದರೆ ಮೇಲಿನ ಮೂರು ವರ್ಣಗಳ ಶುಶ್ರೂಷೆ, ಅದೂ ಅಸೂಯೆಪಡದೆ. ಪದವನ್ನು ಪ್ರೀತಿಸುವ ನಾವು ಈ ಕಲೆಯನ್ನು ಒರೆಸಿ ತೋರಿಸಬಾರದು. ಕೌಟಿಲ್ಯನಲ್ಲಿ ಇದೇ ಪದದ ಮುಖ ಬೇರೆ. ಅವನು ಬುದ್ಧಿಯ ಗುಣಗಳನ್ನು ಶುಶ್ರೂಷೆ, ಶ್ರವಣ, ಗ್ರಹಣ, ಧಾರಣ, ವಿಜ್ಞಾನ, ಊಹೆ, ಅಪೋಹ, ತತ್ತ್ವಾಭಿನಿವೇಶ ಎಂದು ಎಣಿಸುತ್ತ ಹೋಗುತ್ತಾನೆ. ಕೇಳುವ ಹಂಬಲವೇ ಅಲ್ಲಿ ಮೊದಲ ಮೆಟ್ಟಿಲು.

ರೋಗಿಯ ಬಳಿ ನಿಲ್ಲುವವನಿಗೆ ಚರಕಸಂಹಿತೆಯಲ್ಲಿ ಉಪಸ್ಥಾತೃ ಎಂದು ಹೆಸರು. ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ, ಇವು ಚಿಕಿತ್ಸೆಯ ನಾಲ್ಕು ಪಾದಗಳು. ಉಪಸ್ಥಾತೃವಿಗೆ ಬೇಕಾದ ಗುಣಗಳೂ ನಾಲ್ಕು: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ನಮ್ಮ ಅಚ್ಚಗನ್ನಡದ ‘ಆರೈಕೆ’ ಹುಟ್ಟಿದ್ದು ಹಳಗನ್ನಡದ ‘ಆರಯ್’ ಎಂಬ ಕ್ರಿಯಾಪದದಿಂದ, ಎಂದರೆ ಹುಡುಕು, ವಿಚಾರಿಸು, ನೋಡಿಕೊ. ‘ದಾದಿ’ ಬಂದದ್ದು ಹಾಲೂಡಿಸುವ ಧಾತ್ರಿಯಿಂದ. ಲ್ಯಾಟಿನ್ನಿನ ಪೋಷಿಸುವ ಕ್ರಿಯಾಪದದಿಂದ ಬಂದ ‘ನರ್ಸ್’ ಕೂಡ ಮೊದಲಿಗೆ ಹಾಲೂಡಿಸುವವಳೇ. ಒಂದು ಪದ ಕಿವಿಯದು, ಒಂದು ಕಣ್ಣಿನದು, ಎರಡು ಎದೆಹಾಲಿನವು.

ವಿಜಯಪುರದ ಆಸ್ಪತ್ರೆಗಳಲ್ಲಿ ಬಾಯಿಮಾತಿನಲ್ಲಿ ಓಡಾಡುವುದು ‘ಸಿಸ್ಟರ್’, ಹಳಬರಿಗೆ ‘ನರ್ಸಬಾಯಿ’, ಮನೆಯಲ್ಲಿ ಬಾಣಂತಿಗೆ ಮಾಡುವುದು ‘ಆರೈಕಿ’. ಶುಶ್ರೂಷೆಗೆ ಸಿಕ್ಕಿದ್ದು ಕಾಗದ. ಆದ್ದರಿಂದಲೇ ಅದನ್ನು ನಾವು ಬಯೋಡೇಟಾದಲ್ಲಿ ಹುಡುಕಬೇಕು. ತಿಕೋಟಾ, ಬಬಲೇಶ್ವರದ ದ್ರಾಕ್ಷಿತೋಟಗಳ ಕಡೆಯಿಂದ ಬಂದು ನಗರದಲ್ಲಿ ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್ ಓದಿದ ಹುಡುಗಿಯ ಮೊದಲ ಬಯೋಡೇಟಾದ ತುಂಬ ಎಸ್‌ಎಸ್‌ಎಲ್‌ಸಿ ಅಂಕ, ಕಾಲೇಜಿನ ಪೋಸ್ಟಿಂಗು. ಒಂದೆರಡು ವರ್ಷ ದುಡಿದು ಬೇರೆ ಆಸ್ಪತ್ರೆಗೆ ಅರ್ಜಿ ಹಾಕುವಾಗ ಬಹಳ ಮಂದಿ ಅದೇ ಹಾಳೆಯ ತುದಿಗೆ ‘ಸ್ಟಾಫ್ ನರ್ಸ್’ ಎಂದೊಂದು ಸಾಲು, ಎರಡು ತಾರೀಕು ಸೇರಿಸಿ ಕೈಬಿಡುತ್ತಾರೆ. ಇದು ನನಗೆ ಸಂಕಟದ ಸಂಗತಿ. ಈಗ ಮೇಲೆ ಬರಬೇಕಾದದ್ದು ದುಡಿಮೆ: ಯಾವ ವಾರ್ಡು, ಎಷ್ಟು ಹಾಸಿಗೆ, ಯಾವ ಪಾಳಿ, ಒಂದು ಪಾಳಿಗೆ ಎಷ್ಟು ರೋಗಿಗಳು, ವೆಂಟಿಲೇಟರೋ ಡಯಾಲಿಸಿಸ್ಸೋ ಹೆರಿಗೆಯೋ, ಜತೆಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ. ಕಾಲೇಜಿನ ಪೋಸ್ಟಿಂಗು ಕೆಳಗಿಳಿದು ಒಂದು ಸಾಲಾದರೆ ಸಾಕು.

ಆ ದುಡಿಮೆಯಲ್ಲಿ ಕಿವಿಯ ಪಾಲು ದೊಡ್ಡದು. ಪಾಳಿ ಬದಲಾಗುವ ಹೊತ್ತಿನ ಹ್ಯಾಂಡೋವರ್ ನೋಡಿ. ನರ್ಸುಗಳ ಮಾತಿನಲ್ಲಿ ಅದು ಬರೀ ‘ಓವರ್’. ಹೊರಡುವವಳು ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ, ನಾಲ್ಕನೆಯವರಿಗೆ ಸಂಜೆಯಿಂದ ಮೂತ್ರ ಕಡಿಮೆ, ಆ್ಯಂಟಿಬಯಾಟಿಕ್ಕಿನ ಮುಂದಿನ ಡೋಸು ಹತ್ತಕ್ಕೆ, ಮಗಳು ಹೊರಗೆ ಕೂತಿದ್ದಾಳೆ ಎಂದು ಒಪ್ಪಿಸುತ್ತಾಳೆ. ಬಂದವಳು ಕೇಳಬೇಕು, ಹಿಡಿಯಬೇಕು, ನೆನಪಿನಲ್ಲಿಡಬೇಕು. ಮೂತ್ರ ಕಡಿಮೆಯಾದದ್ದು ನೀರು ಕುಡಿಯದ್ದಕ್ಕೋ, ಕ್ಯಾತಿಟರ್ ಕಟ್ಟಿಕೊಂಡದ್ದಕ್ಕೋ ಎಂದು ಊಹಿಸಿ, ನೋಡಿ, ಸಲ್ಲದ್ದನ್ನು ತಳ್ಳಿಹಾಕಬೇಕು. ಶ್ರವಣದಿಂದ ಅಪೋಹದವರೆಗೆ ಕೌಟಿಲ್ಯನ ಪಟ್ಟಿ ಅಲ್ಲಿ ಕಾಲುಗಂಟೆಯಲ್ಲಿ ನಡೆದುಹೋಗುತ್ತದೆ. ಬಯೋಡೇಟಾದಲ್ಲಿ ಇಂಜೆಕ್ಷನ್, ಡ್ರೆಸಿಂಗ್ ಎಂಬ ಸಾಲುಗಳ ನಡುವೆ ಇದಕ್ಕೂ ಒಂದು ಸಾಲು ಸಲ್ಲಬೇಕು: ರಾತ್ರಿ ಪಾಳಿಯಲ್ಲಿ ಓವರ್ ತೆಗೆದುಕೊಂಡು, ರೋಗಿಯ ಸ್ಥಿತಿ ಬದಲಾದದ್ದನ್ನು ಗುರುತಿಸಿ ಡ್ಯೂಟಿ ಡಾಕ್ಟರಿಗೆ ತಿಳಿಸಿದ ಅನುಭವ.

ಸರಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಹುದ್ದೆಗೆ ಈಗ ‘ಶುಶ್ರೂಷಾಧಿಕಾರಿ’ ಎಂಬ ಹೆಸರು. ಊಳಿಗವೆಂದು ಕೆಳಗಿಟ್ಟ ಪದಕ್ಕೆ ಅಧಿಕಾರ ಬಂದು ಕೂಡಿಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟಿದೆ. ಅಧಿಕಾರಿ ಎಂದರೆ ದರ್ಪದ ಸಾಹೇಬ ಎಂಬರ್ಥ ಈಚಿನದು. ಮೀಮಾಂಸೆ, ವೇದಾಂತಗಳಲ್ಲಿ ಅಧಿಕಾರಿ ಎಂದರೆ ಆ ಕೆಲಸಕ್ಕೆ, ಆ ವಿದ್ಯೆಗೆ ತಕ್ಕ ಅರ್ಹತೆಯುಳ್ಳವನು. ಆ ಅರ್ಥದಲ್ಲಿ ಓದಿದರೆ ಶುಶ್ರೂಷಾಧಿಕಾರಿ ಎಂದರೆ ಕೇಳುವ ಅರ್ಹತೆ ಗಳಿಸಿಕೊಂಡವಳು.