ನಿಂತವನು ನಿಜ ಹೇಳ್ತಾನಾ? – ಅಫಿಡವಿಟ್ ನಡೆದು ಬಂದ ದಾರಿ

ಎಲೆಕ್ಷನ್ ಬಂತು ಅಂದರೆ ನಮ್ಮ ತಾಳವಾಡಿ ಕಡೆ ಎರಡು ರಾಜ್ಯದ ಸುದ್ದಿ ಒಟ್ಟಿಗೇ ಮೊಬೈಲಿಗೆ ಬಂದು ಬೀಳುತ್ತೆ. ಚಾಮರಾಜನಗರದ ಕಡೆಯಿಂದ ಬರೋದು ಕನ್ನಡದಲ್ಲಿ, ಸತ್ಯಮಂಗಲದ ಕಡೆಯಿಂದ ಬರೋದು ತಮಿಳಿನಲ್ಲಿ. ಅದರಲ್ಲಿ ನಿಜ ಯಾವುದು, ಕಟ್ಟಿದ ಕತೆ ಯಾವುದು ಅಂತ ಪತ್ತೆ ಹಚ್ಚೋದಕ್ಕೆ ಈಗ ಫ್ಯಾಕ್ಟ್ ಚೆಕ್ ಅಂತಾರೆ. ಹೆಸರು ಹೊಸದು. ನಮ್ಮ ಹೆಸರಿನಲ್ಲಿ ನಿಂತವನನ್ನು ನಂಬಬಹುದಾ ಅನ್ನೋ ಪ್ರಶ್ನೆ ಮಾತ್ರ ನಮ್ಮ ಜನಕ್ಕೆ ಬಹಳ ಹಳೆಯದು.

1932ರ ಸೆಪ್ಟೆಂಬರ್ 24ರಂದು ಯರವಾಡ ಜೈಲಿನಲ್ಲಿ ಪೂನಾ ಒಪ್ಪಂದ ಆಯಿತು. ಬಾಬಾಸಾಹೇಬರು ಹೋರಾಡಿ ಪಡೆದಿದ್ದ ಪ್ರತ್ಯೇಕ ಮತಕ್ಷೇತ್ರ ಕೈತಪ್ಪಿ, ಬದಲಿಗೆ 148 ಮೀಸಲು ಸೀಟು ಬಂತು. ಮದ್ರಾಸ್ ಪ್ರಾಂತ್ಯಕ್ಕೆ ಸಿಕ್ಕಿದ್ದು 30. ಆಗ ನಾವೂ ಆ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವರು. ರೆಟ್ಟಮಲೈ ಶ್ರೀನಿವಾಸನ್, ಎಂ.ಸಿ. ರಾಜಾ ಇಬ್ಬರೂ ಅದಕ್ಕೆ ಸಹಿ ಹಾಕಿದ್ದರು. ಆ ಒಪ್ಪಂದದ ಒಂದು ಅಂಶವನ್ನು ಈಗ ಯಾರೂ ಹೇಳೋದಿಲ್ಲ. ಮೀಸಲು ಸೀಟಿಗೆ ಮೊದಲು ದಲಿತ ಮತದಾರರೇ ಓಟು ಹಾಕಿ ನಾಲ್ಕು ಜನರನ್ನು ಆರಿಸಬೇಕು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಜಾತಿಯವರೂ ಸೇರಿ ಗೆಲ್ಲಿಸಬೇಕು. ಅಂದರೆ ಯಾರು ನಮ್ಮವನು, ಯಾರು ಇನ್ನೊಬ್ಬರ ಕೈಗೊಂಬೆ ಅಂತ ಜರಡಿ ಹಿಡಿಯೋ ಕೆಲಸ ಮೊದಲು ನಮ್ಮ ಕೈಲಿತ್ತು. (ಆಗ ಓಟು ಇದ್ದದ್ದು ತೆರಿಗೆ ಕಟ್ಟೋರಿಗೆ, ಓದು ಬರಹ ಬಲ್ಲ ಕೆಲವರಿಗೆ ಮಾತ್ರ, ಅದೂ ನಿಜ.) ಸಂವಿಧಾನ ಬಂದು ಎಲ್ಲರಿಗೂ ಓಟು ಸಿಕ್ಕಿತು, ಆದರೆ ಆ ಜರಡಿ ಉಳಿಯಲಿಲ್ಲ. ಮೀಸಲು ಕ್ಷೇತ್ರಕ್ಕೆ ಯಾರನ್ನು ನಿಲ್ಲಿಸಬೇಕು ಅನ್ನೋದು ಪಕ್ಷಗಳ ಕೈಗೆ ಹೋಯಿತು. 2008ರ ಕ್ಷೇತ್ರ ವಿಂಗಡಣೆ ಆದಮೇಲೆ ನಮ್ಮ ಭವಾನಿಸಾಗರ ವಿಧಾನಸಭೆಯೂ ಮೀಸಲು, ನೀಲಗಿರಿ ಲೋಕಸಭೆಯೂ ಮೀಸಲು. ಅದಕ್ಕೇ ಈ ಮಾತು ನಮಗೆ ಹತ್ತಿರದ್ದು.

ಐವತ್ತು ವರ್ಷ ಮತದಾರನಿಗೆ ಗೊತ್ತಾಗುತ್ತಿದ್ದದ್ದು ಅಭ್ಯರ್ಥಿಯ ಹೆಸರು, ಚಿಹ್ನೆ, ಜಾತಿ ಇಷ್ಟೇ. 1999ರಲ್ಲಿ ಅಹಮದಾಬಾದ್ ಐಐಎಂನ ಕೆಲವು ಪ್ರಾಧ್ಯಾಪಕರು ಎಡಿಆರ್ ಅನ್ನೋ ಸಂಸ್ಥೆ ಕಟ್ಟಿ ಕೋರ್ಟಿಗೆ ಹೋದರು. 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಮೇಲಿನ ಕೇಸು, ಆಸ್ತಿ, ಸಾಲ, ಓದು ಇವೆಲ್ಲ ತಿಳಿಯೋದು ಮತದಾರನ ಹಕ್ಕು ಅಂದಿತು. ಬೇರೆ ವಿಷಯಕ್ಕೆ ಕಿತ್ತಾಡೋ ಪಕ್ಷಗಳು ಇದನ್ನು ತಡೆಯೋಕೆ ಮಾತ್ರ ಒಂದಾದವು. ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಒಮ್ಮೆ ವಾಪಸ್ ಕಳಿಸಿದರು. ಮತ್ತೆ ಕಳಿಸಿದಾಗ ಸಹಿ ಹಾಕಲೇಬೇಕಾಯಿತು. 2003ರ ಮಾರ್ಚ್ 13ರಂದು ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಇವತ್ತಿನ ಫಾರಂ 26 ಹೀಗೆ ಬಂದದ್ದು.

ಆ ಕಾಗದದಲ್ಲಿ ಸುಳ್ಳು ಬರೆದರೆ ಏನಾಗುತ್ತೆ? ಇದಕ್ಕೆ ಉತ್ತರ ಕೊಟ್ಟದ್ದು ನಮ್ಮ ನೀಲಗಿರಿ ಲೋಕಸಭೆಯೊಳಗೇ ಬರೋ ಒಂದು ಹಳ್ಳಿ, ಮೇಟ್ಟುಪಾಳ್ಯದ ಹತ್ತಿರದ ತೇಕ್ಕಂಪಟ್ಟಿ. 2006ರ ಅಕ್ಟೋಬರ್ 13ರ ಪಂಚಾಯಿತಿ ಎಲೆಕ್ಷನ್‌ನಲ್ಲಿ ಅಧ್ಯಕ್ಷನಾಗಿ ಗೆದ್ದವರು ತಮ್ಮ ಮೇಲಿನ ಒಂದು ಕೇಸನ್ನು ಬರೆದು, ಅದರಿಂದ ಹುಟ್ಟಿದ ಎಂಟು ಚಾರ್ಜ್‌ಶೀಟುಗಳ ವಿಷಯ ಬಿಟ್ಟಿದ್ದರು. ತಕರಾರು ಕೊಯಮತ್ತೂರು ಜಿಲ್ಲಾ ಕೋರ್ಟಿನಿಂದ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ ಹೋಯಿತು. 2015ರ ಫೆಬ್ರವರಿ 5ರಂದು, ಕೃಷ್ಣಮೂರ್ತಿ ವಿರುದ್ಧ ಶಿವಕುಮಾರ್ ಪ್ರಕರಣದಲ್ಲಿ, ಕೇಸು ಮುಚ್ಚಿಟ್ಟು ಓಟು ಕೇಳೋದು ಮತದಾರನ ಮೇಲೆ ಅನುಚಿತ ಪ್ರಭಾವ ಬೀರಿದಂತೆ, ಅದು ಭ್ರಷ್ಟ ನಡತೆ ಅಂತ ತೀರ್ಪಾಯಿತು. ಇವತ್ತಿಗೂ ದೇಶದ ಕೋರ್ಟುಗಳಲ್ಲಿ ಈ ತೀರ್ಪನ್ನು ಎತ್ತಿ ಹೇಳ್ತಾರೆ. ಆದರೆ ಐದು ವರ್ಷದ ಅಧಿಕಾರಕ್ಕೆ ಎಂಟು ವರ್ಷ ದಾಟಿ ನ್ಯಾಯ! ಅಷ್ಟೊತ್ತಿಗೆ ಆ ಅವಧಿಯೇ ಮುಗಿದು ಹೋಗಿತ್ತು.

ಅದೇ 2006ರ ಅಕ್ಟೋಬರ್‌ನಲ್ಲಿ ಮಧುರೈ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿಯಲ್ಲಿ ಬೇರೊಂದು ಚರಿತ್ರೆ ಆಯಿತು. 1996ರಲ್ಲಿ ಆ ಪಂಚಾಯಿತಿಗಳ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾದಾಗಿನಿಂದ ಮೇಲ್ಜಾತಿಯವರು ಎಲೆಕ್ಷನ್ನನ್ನೇ ನಡೆಯಗೊಡಲಿಲ್ಲ. ನಡೆದರೂ ತಾವೇ ಒಬ್ಬ ದಲಿತನನ್ನು ನಿಲ್ಲಿಸಿ, ಗೆದ್ದ ಕೂಡಲೇ ರಾಜೀನಾಮೆ ಕೊಡಿಸುತ್ತಿದ್ದರು. ಹತ್ತು ವರ್ಷ ಹೀಗೇ ಹೋಗಿ, 2006ರಲ್ಲಿ ಸರ್ಕಾರ ಗಟ್ಟಿ ನಿಂತ ಮೇಲೆ ಅಧ್ಯಕ್ಷರು ಕುರ್ಚಿಯಲ್ಲಿ ಕೂತರು. ಆ ಕೈಗೊಂಬೆ ಅಭ್ಯರ್ಥಿಗಳ ನಾಮಿನೇಶನ್ ಕಾಗದವನ್ನು ಯಾವ ಫ್ಯಾಕ್ಟ್ ಚೆಕ್‌ನವರು ನೋಡಿದ್ದರೂ ಒಂದು ತಪ್ಪೂ ಸಿಗುತ್ತಿರಲಿಲ್ಲ. ಕೇಸಿಗೆ ಒಂದು ಕಾಲಂ ಇದೆ, ಆಸ್ತಿಗೆ ಒಂದು ಕಾಲಂ ಇದೆ, 'ನಿನ್ನನ್ನು ನಿಲ್ಲಿಸಿದ್ದು ಯಾರು' ಅನ್ನೋದಕ್ಕೆ ಕಾಲಂ ಇಲ್ಲ. 1932ರ ಆ ಜರಡಿ ಹಿಡಿಯೋಕೆ ಹೊರಟಿದ್ದು ಇದನ್ನೇ.

ಇನ್ನು ನಿಜ ಗೊತ್ತಾದ ಮೇಲಾದರೂ ಓಟು ಬದಲಾಗುತ್ತಾ? 2018ರ ಕರ್ನಾಟಕ ಎಲೆಕ್ಷನ್ ಹೊತ್ತಿಗೆ ಫೇಸ್‌ಬುಕ್ 'ಬೂಮ್' ಸಂಸ್ಥೆಯ ಜೊತೆ ಸೇರಿ ನಮ್ಮ ದೇಶದಲ್ಲಿ ಮೊದಲ ಸಲ ಸುಳ್ಳು ಸುದ್ದಿ ಪರೀಕ್ಷೆ ಶುರು ಮಾಡಿತು. ಅಮೆರಿಕದಲ್ಲಿ 2016ರ ಎಲೆಕ್ಷನ್ ಹೊತ್ತಿಗೆ ಟ್ರಂಪ್ ಮಾತನ್ನು ಪರೀಕ್ಷೆ ಮಾಡಿ ಅವರ ಬೆಂಬಲಿಗರಿಗೇ ತೋರಿಸಿದರು. ಮಾತು ತಪ್ಪು ಅಂತ ಜನ ಒಪ್ಪಿಕೊಂಡರು, ಆದರೆ ಅವರ ಮೇಲಿನ ಒಲವು ಕಡಿಮೆಯಾಗಲಿಲ್ಲ. ನಮ್ಮಲ್ಲೂ 'ಕೇಸಿದ್ರೆ ಏನಪ್ಪ, ಕೆಲ್ಸ ಮಾಡ್ಕೊಡ್ತಾನಲ್ಲ, ಬುಡು' ಅನ್ನೋರು ಕಮ್ಮಿಯಿಲ್ಲ. ಇದನ್ನು ಬರೀ ದಡ್ಡತನ ಅಂತ ನಾನು ಹೇಳಲಾರೆ. ಆಫೀಸಿನಲ್ಲಿ ಸರ್ಟಿಫಿಕೇಟಿಗೆ, ಪಟ್ಟಾಕ್ಕೆ ಅಲೆದು ಸುಸ್ತಾದವನು ಯಾರು ಫೋನ್ ಮಾಡಿದರೆ ಕೆಲಸ ಆಗುತ್ತೆ ಅಂತಲೇ ನೋಡ್ತಾನೆ. ಆದರೆ ಕೇಸು ಗೊತ್ತಿದ್ದೂ ಓಟು ಹಾಕೋದು ಬೇರೆ, ಮುಚ್ಚಿಟ್ಟಿದ್ದರಿಂದ ಹಾಕೋದು ಬೇರೆ.

ನಮ್ಮ ಕಷ್ಟ ಇನ್ನೂ ಒಂದಿದೆ. ಅಫಿಡವಿಟ್ ಇರೋದು ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ನಮ್ಮ ಅಜ್ಜಿ, ಅತ್ತೆಯರ ಮಾತು ಕನ್ನಡ. ಹಿಂದೆ ಅದನ್ನು ನೋಡಬೇಕಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಚುನಾವಣಾ ಅಧಿಕಾರಿಯ ನೋಟಿಸ್ ಬೋರ್ಡಿಗೆ ಹೋಗಬೇಕಿತ್ತು, ಈಗ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ, ಮೊಬೈಲಿನಲ್ಲೇ ಸಿಗುತ್ತೆ. ಅದರಲ್ಲಿ ಸುಳ್ಳಿದ್ದರೆ ಯಾರು ಬೇಕಾದರೂ ಪ್ರತಿ ಅಫಿಡವಿಟ್ ಕೊಡಬಹುದು, ಅದನ್ನೂ ಬೋರ್ಡಿಗೆ ಹಾಕಬೇಕು. ತಮಿಳು ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರು ಈಗ ನಮ್ಮ ಬೀದಿಯಲ್ಲೇ ಇದ್ದಾರೆ. ನಾಮಿನೇಶನ್ ಮುಗಿದ ವಾರ ಸಂಜೆ ಹೊತ್ತು ಅಂಬೇಡ್ಕರ್ ಫೋಟೋ ಮುಂದೆ ಕೂತು ಅವರು ಓದಿ ಕನ್ನಡದಲ್ಲಿ ಹೇಳಿದರೆ ಕೇಳೋಕೆ ದೊಡ್ಡವರು ಬರ್ತಾರೆ. ಕಾಲಂ ಇಲ್ಲದ ಆ ಇನ್ನೊಂದು ಪ್ರಶ್ನೆಗೆ ಉತ್ತರ ಆ ದೊಡ್ಡವರಿಗೇ ಚೆನ್ನಾಗಿ ಗೊತ್ತಿರುತ್ತೆ.